ಅಳಿಸಿದ ಕೈ, ಉಳಿದ ಮೂವತ್ತೇಳು ಟೇಪು

ಬೆಳಗಿನ ಐದೂವರೆ. ಅಮೆರಿಕದ ಓಕ್‌ಲೆಂಡಿನ ಟಿವಿ ಕೇಂದ್ರವೊಂದರ ನೆಲಮಾಳಿಗೆಯಲ್ಲಿ ದಾವೂದ್ ಹಳೆಯ ವಿಡಿಯೊ ಟೇಪಿನ ಒಡೆದ ಡಬ್ಬಿ ಬಿಚ್ಚಿ, ಒಳಗಿನ ಸುರುಳಿಯನ್ನು ಉಸಿರು ಬಿಗಿಹಿಡಿದು ಹೊಸ ಡಬ್ಬಿಗೆ ಕೂರಿಸುತ್ತಿದ್ದಾರೆ. ಪಾಳಿ ಶುರುವಾಗುವುದು ಎಂಟಕ್ಕೆ. ಅಲ್ಲಿಯವರೆಗಿನ ದುಡಿಮೆಗೆ ಸಂಬಳವಿಲ್ಲ, ಕೇಳುವವರೂ ಇಲ್ಲ. "ಮಿಂಚಿ ಹೋದ ಕಾರ್ಯಕ್ಕ ಚಿಂತಿಸಿ ಫಲವಿಲ್ಲ" ಎನ್ನುತ್ತಲೇ ಹೆಂಡತಿ ಖಾಲಿದಾ ನಸುಕಿನಲ್ಲೆದ್ದು ಬುತ್ತಿ ಕಟ್ಟುತ್ತಾರೆ. ದಾವೂದ್ ಮನೆಯಿರುವ ಯೂನಿಯನ್ ಸಿಟಿಯಿಂದ ಮೊದಲ ರೈಲು ಹಿಡಿಯುತ್ತಾರೆ.

ಹುಬ್ಬಳ್ಳಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ದಾವೂದ್ ಇಲ್ಲಿನ ಟೇಪು ಕೋಣೆ ಸೇರಿ ಹದಿನೆಂಟು ವರ್ಷ. ಪ್ರಸಾರ ಮುಗಿದ ಟೇಪುಗಳನ್ನು ಅಯಸ್ಕಾಂತದ ಯಂತ್ರದ ಮೇಲಿಟ್ಟು ಅಳಿಸಿ, ಮತ್ತೆ ಬಳಕೆಗೆ ಕೊಡುವುದು ಅವರ ಕೆಲಸ. ಸುದ್ದಿಯ ಟೇಪುಗಳನ್ನು ಕೇಂದ್ರದವರು ಕಾಪಾಡುತ್ತಿದ್ದರು. ಭಾನುವಾರ ಬೆಳಿಗ್ಗೆ ಆರಕ್ಕೆ, ಊರೆಲ್ಲ ಮಲಗಿರುವಾಗ ಬರುತ್ತಿದ್ದ ಕಪ್ಪು ಸಮುದಾಯದ ಚರ್ಚಾ ಕಾರ್ಯಕ್ರಮವನ್ನು ಮಾತ್ರ ತೊಂಬತ್ತು ದಿನಕ್ಕೆ ಅಳಿಸಬೇಕೆಂದು ಕಟ್ಟಪ್ಪಣೆ. ಹೆದ್ದಾರಿಗಾಗಿ ಮನೆ ಕಳೆದುಕೊಂಡವರು, ಬಂದರಿನ ಹಮಾಲರು, ಶಾಲೆ ಉಳಿಸಲು ಬೀದಿಗಿಳಿದ ತಾಯಂದಿರು ಅಲ್ಲಿ ಮಾತಾಡಿದ್ದರು.

"ಒಳಗ ಏನೈತಿ ಅಂತ ಒಂದ ದಿನಾನೂ ನೋಡ್ಲಿಲ್ರೀ. ಸ್ವಚ್ಛ ಅಳಸ್ತಾನ ಅಂತ ಮ್ಯಾನೇಜರು ಹೊಗಳಿದ್ರ ಉಬ್ಬಿ ಹೋಗ್ತಿದ್ದೆ. ಹುಚ್ಚ ನಾ."

ಅವರದೊಂದು ರೂಢಿಯಿತ್ತು. ಅಳಿಸುವ ಮುನ್ನ ಟೇಪಿನ ಚೀಟಿ ಬಿಡಿಸಿ ನೋಟ್‌ಬುಕ್ಕಿಗೆ ಅಂಟಿಸುವುದು, ಯಾರಾದರೂ ಕೇಳಿಯಾರು ಎಂದು. ಯಾರೂ ಕೇಳಲಿಲ್ಲ. ಆ ಕಾರ್ಯಕ್ರಮದ ಚೀಟಿಗಳೇ ಆರುನೂರ ಹನ್ನೆರಡಾದವು. ಉಳಿದ ಟೇಪುಗಳು ಮೂವತ್ತೇಳು. ಅವೂ ಡಬ್ಬಿ ಒಡೆದು, ಮರುಬಳಕೆಗೆ ನಾಲಾಯಕ್ಕೆಂದು ಮೂಲೆ ಸೇರಿದ್ದಕ್ಕೆ ಉಳಿದವು. ಗಟ್ಟಿಯಾಗಿದ್ದದ್ದೆಲ್ಲ ಅಳಿಯಿತು, ಮುರುಕಲು ಬದುಕಿತು.

ಕಾರ್ಯಕ್ರಮ ಹೋದ ವರ್ಷ ನಿಂತಿದೆ. ತಿಂಗಳ ಕೊನೆಗೆ ಈ ನೆಲಮಾಳಿಗೆ ಡಾಟ್‌ಕಾಂ ಕಂಪನಿಯೊಂದರ ಪಾಲು, ಇಲ್ಲಿರುವುದೆಲ್ಲ ಕಸ. ಅಷ್ಟರೊಳಗೆ ಎಲ್ಲದರ ನಕಲು ತೆಗೆಯಬೇಕು. ಇಪ್ಪತ್ತೊಂದು ಆಗಿವೆ. ಹದಿನಾರು ಟೇಪು ಬಾಕಿ, ಹನ್ನೊಂದು ದಿನ ಬಾಕಿ.

ಅವರನ್ನು ಈ ಕೆಲಸಕ್ಕೆ ಎಬ್ಬಿಸಿದ್ದು ಅರ್ನೆಸ್ಟೀನ್, ಹದಿನಾರು ವರ್ಷ ಆ ಕಾರ್ಯಕ್ರಮ ನಡೆಸಿಕೊಟ್ಟಾಕೆ. ಕಳೆದ ಚಳಿಗಾಲದಲ್ಲಿ ತಾಯಿ ತೀರಿಕೊಂಡ ಮೇಲೆ ಬಂದು, 1986ರಲ್ಲಿ ತಾಯಿ ಮಾತಾಡಿದ ಕಂತು ಕೇಳಿದರು. ಮನೆ ತುಂಬ ಫೋಟೊ ಇವೆ, ಅಮ್ಮನ ದನಿ ಮಾತ್ರ ಎಲ್ಲೂ ಇಲ್ಲ ಎಂದರು. ದಾವೂದ್ ಮೂವತ್ತೇಳನ್ನೂ ತಡಕಾಡಿದರು. ಸಿಕ್ಕಿದ್ದು ನೋಟ್‌ಬುಕ್ಕಿನಲ್ಲಿ ಚೀಟಿ, ಪಕ್ಕದಲ್ಲಿ ತಮ್ಮದೇ ಸಹಿ.

"ನಾನ ಅಳಿಸೀನಿ ಅಂತ ಹೇಳಿದೆ. ಬೈಲಿಲ್ರೀ ಅಕ್ಕಾರು. ಬೈದಿದ್ರ ಎದಿ ಹಗುರಾಗ್ತಿತ್ತು."

ಈಗ ಭಾನುವಾರ ಬಂದರೆ ದಾವೂದ್ ಚರ್ಚು, ಲಾಂಡ್ರಿಗಳ ಗೋಡೆಗೆ ಕಾಗದ ಅಂಟಿಸುತ್ತಾರೆ: ಆ ಕಾರ್ಯಕ್ರಮವನ್ನು ಮನೆಯ ವಿಸಿಆರಿನಲ್ಲಿ ಯಾರಾದರೂ ಹಿಡಿದಿಟ್ಟಿದ್ದೀರಾ? ಇನ್ನೂ ಒಂದು ಫೋನೂ ಬಂದಿಲ್ಲ.

ಅಂದು ತಾಯಿಯ ಕಂತಿನ ಆ ಚೀಟಿಯನ್ನೇ ಬಿಡಿಸಿ ಅರ್ನೆಸ್ಟೀನರ ಕೈಗಿಡಲು ಹೋದರಂತೆ. ಅವರು ತೆಗೆದುಕೊಳ್ಳಲಿಲ್ಲ. ಅದೀಗ ದಾವೂದರ ಅಂಗಿಯ ಜೇಬಿನಲ್ಲಿದೆ.

"‘ನಿನ್ನ ಹಂತ್ಯಾಕ ಇರ್ಲಿ, ಯಾರದರ ಮನ್ಯಾಗ ಟೇಪ್ ಸಿಕ್ಕಾಗ ಮ್ಯಾಲ ಅಂಟಸಾಕ ಬೇಕಲ್ಲ’ ಅಂದ್ರು. ಆರುನೂರು ಚೀಟಿ ಕಿತ್ತೀನ್ರೀ. ರಿಟೈರ್ ಆಗೂದ್ರೊಳಗ ಒಂದ, ಇದೊಂದ, ವಾಪಸ್ ಅಂಟಿಸ್ಬೇಕು."