ಮೇಣ ಮೆತ್ತಿದ ಮುಚ್ಚಳ

ಮೊದಲು ಜೇನುಮೇಣದ ವಾಸನೆ ಬಂತು, ಅದರ ಬೆನ್ನಿಗೇ ಪೆಟ್ರೋಲಿನದು. ಪೆಟ್ರೋಲಿನ ವಾಸನೆ ಇಷ್ಟು ವರ್ಷ ಉಳಿಯುವುದಿಲ್ಲವೆಂದು ನನಗೂ ಗೊತ್ತು. ಆದರೆ ಮಿಮಿಕ್ರಿ ಮಾಡಿ, ಊರವರ ದನಿ ಕದ್ದು ಹೊಟ್ಟೆ ಹೊರೆಯುವ ನನ್ನಂಥವನ ಮೂಗು ಇಲ್ಲದ ವಾಸನೆಯನ್ನೂ ನಕಲು ಮಾಡಿಬಿಡುತ್ತದೆ. ರಘುವಿನ ಹೆಂಡತಿ ಕಳಿಸಿದ್ದ ಬಿಸ್ಕತ್ತಿನ ಡಬ್ಬಿಯೊಳಗೆ, ಗ್ರೀಸು ಒರೆಸುವ ಹಳದಿ ಬಟ್ಟೆಯಲ್ಲಿ ಸುತ್ತಿಟ್ಟು, ನಮ್ಮ ಹಳೆಯ ಕಾರಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಇತ್ತು. ರಘು ನನ್ನ ಸೋದರತ್ತೆಯ ಮಗ, ನನಗಿಂತ ಮೂರು ವರ್ಷ ದೊಡ್ಡವನು. ಕುಶಾಲನಗರದಲ್ಲಿ ಗ್ಯಾರೇಜು ಇಟ್ಟಿದ್ದ. ಹೋದ ಮಳೆಗಾಲದಲ್ಲಿ ಜ್ವರವೆಂದು ಮಲಗಿದವನು ಮತ್ತೆ ಏಳಲಿಲ್ಲ. "ಕಾರು ಮಾರುವಾಗ ತೆಗೆದಿಟ್ಕೊಂಡಿದ್ರಂತೆ, ಇದನ್ನ ನಿಮ್ಗೇ ಕೊಡ್ಬೇಕು ಅಂತಿದ್ರು" ಎಂದು ಆಕೆ ಫೋನಿನಲ್ಲಿ ಹೇಳಿದ್ದಳು. ಡಬ್ಬಿ ತೆರೆದಾಗ ನನಗೆ ಬಂದದ್ದು ಅಳುವಲ್ಲ, ಹೊಟ್ಟೆಕಿಚ್ಚು. ಎಲ್ಲ ಬಿಟ್ಟು ಈ ಮುಚ್ಚಳವೂ ಅವನ ಹತ್ತಿರವೇ ಇರಬೇಕಿತ್ತೇ!

ಸಿದ್ದಾಪುರದಿಂದ ಒಳಗೆ, ಸಿಲ್ವರ್ ಮರಗಳ ಸಾಲು ಮುಗಿಯುವಲ್ಲಿ, ಕಾಫಿ ಎಸ್ಟೇಟಿನ ರೈಟರ್ ಮನೆ ಇತ್ತು. ಅಪ್ಪ ಅಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಸಂಜೆ ಪಿಕ್ಕಿಂಗಿನಲ್ಲಿ ಕೊಯ್ದ ಹಣ್ಣಿನ ಚೀಲ ತೂಗಿಸುವುದು ಅವರ ಕೆಲಸ. ಹಾಸನದ ಕಡೆಯಿಂದ ಬಂದ ನಮಗೆ ಅದೇ ಊರು, ಅದೇ ಮನೆ. ಕಣದಲ್ಲಿ ಒಣಗುವ ಕಾಫಿ ಹಣ್ಣಿನ ಹುಳಿಹುಳಿ ವಾಸನೆ ನಮ್ಮ ಬಟ್ಟೆಗಳಲ್ಲಿ, ಪುಸ್ತಕಗಳಲ್ಲಿ, ಅಮ್ಮನ ಸೆರಗಿನಲ್ಲಿ ಕೂತಿರುತ್ತಿತ್ತು. ಎಸ್ಟೇಟು ಕೈ ಬದಲಾದಾಗ ಆ ಮನೆಯನ್ನು ಕೆಡವಿದರು. ಈಗ ಅಲ್ಲಿ ಪ್ರವಾಸಿಗಳು ಈಜುವ ನೀಲಿ ಕೊಳವಿದೆ. ನಿಮ್ಮ ಬಾಲ್ಯದ ಅಡುಗೆಮನೆ ಇದ್ದ ಜಾಗದಲ್ಲಿ ಯಾರೋ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದನ್ನು ನೀವೂ ಗೇಟಿನಿಂದ ಇಣುಕಿ ನೋಡಿದ್ದರೆ, ನಾನು ಹೆಚ್ಚು ಹೇಳಬೇಕಾಗಿಲ್ಲ. ಆ ಮನೆಯಲ್ಲಿ ನಾನು ಗಿಳಿ. ದಣಿಗಳ ಕೆಮ್ಮು, ಅಪ್ಪನ ಹಾಜರಿ, ಅಮ್ಮನ ಕುಕ್ಕರು, ಆಳುಗಳ ಲೈನುಮನೆಯ ಮುದುಕಿಯರ ಜಗಳ, ಎಲ್ಲವೂ ನನ್ನ ಗಂಟಲಲ್ಲಿತ್ತು. ತಂದೆಯಿಲ್ಲದ ರಘು ನಮ್ಮಲ್ಲಿದ್ದು ಶಾಲೆಗೆ ಹೋಗುತ್ತಿದ್ದ. ಅವನು ಮಾತಾಡುತ್ತಿರಲಿಲ್ಲ, ಕೇಳುತ್ತಿದ್ದ. ಅಪ್ಪ ನನ್ನನ್ನು ಕಂಡರೆ ನಗುತ್ತಿದ್ದರು, ರಘುವನ್ನು ಕಂಡರೆ ನಂಬುತ್ತಿದ್ದರು. ಈ ಎರಡರ ನಡುವಿನ ದೂರ ಎಷ್ಟೆಂದು ಹತ್ತು ವರ್ಷದ ಹುಡುಗನಿಗೆ ಚೆನ್ನಾಗಿ ಗೊತ್ತಾಗುತ್ತದೆ.

ದಣಿಗಳು ಹೊಸ ಕಾರು ತಂದಾಗ ಹಳೆಯ ಬಿಳಿ ಕಾರು ಅಪ್ಪನಿಗೆ ಬಂತು. ಪ್ರತಿ ಭಾನುವಾರ ಅದರಲ್ಲಿ ರಘುವನ್ನು ಕೂಡಿಗೆಗೆ, ಅವನ ಅಮ್ಮನ ಹತ್ತಿರ ಕರೆದೊಯ್ಯುತ್ತಿದ್ದೆವು. ಅತ್ತೆ ಒಂದು ಹಾಸ್ಟೆಲಿನಲ್ಲಿ ಅಡುಗೆಯವಳು. ಭಾನುವಾರ ಹನ್ನೆರಡರಿಂದ ಮೂರರವರೆಗೆ ಮಾತ್ರ ಅವಳಿಗೆ ಬಿಡುವು. ಆ ಮಳೆಗಾಲ ಕಳೆದದ್ದೇ ಕಾರಿಗೆ ಒಂದು ರೋಗ ಹತ್ತಿತು. ನೆಲ್ಲಿಹುದಿಕೇರಿಯ ಸೇತುವೆ ದಾಟುವವರೆಗೆ ಕುದುರೆಯಂತೆ ಓಡುತ್ತಿತ್ತು. ಆಮೇಲೆ ಏರಿನಲ್ಲಿ ಉಸಿರು ಕಟ್ಟಿದಂತಾಗಿ, ಎರಡು ಸಲ ಜಗ್ಗಿ, ನಿಂತುಬಿಡುತ್ತಿತ್ತು. ಕಾಲು ಗಂಟೆ ಸುಮ್ಮನೆ ಬಿಟ್ಟರೆ ತಾನಾಗಿಯೇ ಸ್ಟಾರ್ಟ್ ಆಗಿ ಇನ್ನಷ್ಟು ದೂರ ಹೋಗಿ ಮತ್ತೆ ನಿಲ್ಲುತ್ತಿತ್ತು. ಅಮ್ಮ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಅಪ್ಪ ಬಾನೆಟ್ ಎತ್ತಿ ಹಾಜರಿ ಕರೆಯುವವರಂತೆ ಒಂದೊಂದೇ ವೈರನ್ನು ಮುಟ್ಟಿ ನೋಡಿದರು. ಕೊನೆಗೊಂದು ದಿನ ಬೇಸತ್ತು ನಮ್ಮಿಬ್ಬರ ಕಡೆ ತಿರುಗಿದರು. "ಇದರ ರೋಗ ಯಾರು ಕಂಡುಹಿಡೀತೀರೋ, ಮುಂದಿನ ಸೀಟು ಅವರಿಗೆ. ಕಾರು ಇರೋ ತನಕ." ಅಮ್ಮ ತಿರುವು ನೋಡಿದರೆ ಹೆದರುವವರಾದ್ದರಿಂದ ಸದಾ ಹಿಂದೆ. ಹಾಗಾಗಿ ಅಪ್ಪನ ಪಕ್ಕದ ಆ ಸೀಟಿಗೆ ನಾವಿಬ್ಬರೂ ಪ್ರತಿ ಸಲ ಕಿತ್ತಾಡುತ್ತಿದ್ದೆವು. ಜಗತ್ತಿನಲ್ಲಿ ನನಗೆ ಅದಕ್ಕಿಂತ ಹೆಚ್ಚಿನದು ಏನೂ ಬೇಕಿರಲಿಲ್ಲ.

ಸಿದ್ದಾಪುರದ ಮೆಕ್ಯಾನಿಕ್ ಹಂಸಾಕನ ಗ್ಯಾರೇಜಿನಲ್ಲಿ ಕಾರು ನಿಂತಲ್ಲೇ ಗಂಟೆಗಟ್ಟಲೆ ಓಡಿತು, ಒಮ್ಮೆಯೂ ನಿಲ್ಲಲಿಲ್ಲ. "ಎಂತ ರೈಟರೇ, ಇಲ್ಲಿ ಬಂದ್ರೆ ಒಳ್ಳೆ ಮಗು ಆಗಿ ಕೂತ್ಕೊಳ್ತದಲ್ಲ. ನಿಲ್ಲುವಾಗ ಸೌಂಡ್ ಹೇಗೆ ಬರ್ತದೆ, ಅದು ಹೇಳಿ" ಎಂದ ಹಂಸಾಕ. ಅಪ್ಪ ನನ್ನನ್ನು ಮುಂದೆ ತಳ್ಳಿದರು. "ಇವನ ಬಾಯಲ್ಲಿ ಕೇಳಿ." ನನ್ನ ಜೀವನದ ಮೊದಲ ರಂಗಪ್ರವೇಶ ಅದು. ಸೇತುವೆಯ ಗಡಗಡದಿಂದ ಶುರು ಮಾಡಿ, ಏರು ಹತ್ತಿಸಿ, ಗುಕ್ ಗುಕ್ ಎಂದು ಜಗ್ಗಿಸಿದೆ. ಗ್ಯಾರೇಜಿನ ಹುಡುಗರು ಸ್ಪ್ಯಾನರ್ ಕೆಳಗಿಟ್ಟು ಸುತ್ತ ನಿಂತರು. ಅಷ್ಟು ಜನ ಸೇರಿರುವಾಗ ಬರೀ ಸುಮ್ಮನೆ ನಿಂತುಹೋಗುವ ಕಾರಿನಿಂದ ಏನು ಸುಖ? ಕೊನೆಗೆ ನನ್ನದೇ ಒಂದು 'ಟಪ್!' ಸೇರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಂಸಾಕ ಮಾತ್ರ ನಗಲಿಲ್ಲ. "ಟಪ್ ಹೇಳ್ತದಾ? ಹಾಗಾದ್ರೆ ಕರೆಂಟಿನ ಕತೆಯೇ" ಎಂದು ಕಾಯಿಲ್ ಬದಲಿಸಿದ, ಪಾಯಿಂಟ್ ಬದಲಿಸಿದ, ಪ್ಲಗ್ ಬದಲಿಸಿದ. ಮೂರು ಭಾನುವಾರ ನನ್ನ ಒಂದು ಟಪ್ಪಿನ ಬೆನ್ನು ಹತ್ತಿ ಹೋದವು. ಕಾರು ಮೂರು ಸಲವೂ ಸೇತುವೆ ದಾಟಿ ನಿಂತಿತು.

ನಾಲ್ಕನೆಯ ಭಾನುವಾರ ಅದು ನಿಂತಾಗ ರಘು ಇಳಿದು ಹಿಂದಕ್ಕೆ ಹೋದ. "ಮಾವ, ಇದು ಟಪ್ ಅನ್ನಲ್ಲ. ಪೆಟ್ರೋಲು ಸಾಲದೆ ಸೊರಗಿ ನಿಲ್ಲುತ್ತೆ" ಎಂದವನೇ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸ್ಸ್ಸ್ ಎಂದು ಒಂದು ಉದ್ದದ ಸದ್ದು, ನೀರಲ್ಲಿ ಮುಳುಗಿದ್ದವರು ಮೇಲೆ ಬಂದು ಉಸಿರೆಳೆದುಕೊಂಡ ಹಾಗೆ. ತಕ್ಷಣ ಕಾರು ಸ್ಟಾರ್ಟ್ ಆಯಿತು. ಮುಚ್ಚಳದಲ್ಲಿ ಸೂಜಿಯಷ್ಟು ತೂತಿರುತ್ತದೆ. ಪೆಟ್ರೋಲು ಖಾಲಿಯಾದಷ್ಟೂ ಒಳಗೆ ಗಾಳಿ ಹೋಗಬೇಕು. ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಇಳಿಯಿತೆಂದು, ಉಪ್ಪಿನಕಾಯಿ ಭರಣಿಗೂ ಜೇನಿನ ಬಾಟಲಿಗೂ ಮೇಣ ಮೆತ್ತುವ ಅಮ್ಮ ಆ ತೂತಿಗೂ ಮೆತ್ತಿ, ಮರೆತೇಬಿಟ್ಟಿದ್ದರು. "ಅಯ್ಯೋ, ಎಂಥ ಕೈ ನಂದು" ಎಂದು ಅಮ್ಮ ತಲೆ ಚಚ್ಚಿಕೊಂಡು ಮೇಣ ಕೆರೆದು ತೆಗೆದರು. ಅಪ್ಪ ಮುಂದಿನ ಬಾಗಿಲು ತೆಗೆದು ಹಿಡಿದರು, ದಣಿಗಳಿಗೆ ಹಿಡಿಯುವ ಹಾಗೆ. ರಘು ಹತ್ತಿ ಕೂತ. ನಾನು ಹಿಂದಿನಿಂದ ಅವನ ಕಿವಿಗಳನ್ನು ನೋಡುತ್ತ ಕೂಡಿಗೆಯವರೆಗೆ ಹೋದೆ. ದೊಡ್ಡ ಕಿವಿಗಳೇನಲ್ಲ. ಅದೇ ನನಗೆ ತಡೆಯಲಾಗದ ಸಂಗತಿ.

ಮುಂದಿನ ಭಾನುವಾರ ಹೊರಡುವ ಮುಂಚೆ, ಅಡುಗೆಮನೆಯಿಂದ ಒಂದು ಚೂರು ಮೇಣ ಕದ್ದು, ಹೆಬ್ಬೆರಳಿನಿಂದ ಆ ತೂತಿಗೆ ಗಟ್ಟಿಯಾಗಿ ಒತ್ತಿದೆ. ಕಾರು ನಿಲ್ಲಬೇಕು, ರಘು ಸುಳ್ಳಾಗಬೇಕು, ಅಷ್ಟೇ. ನಿಂತಿತು. ಆವತ್ತು ಅಪ್ಪ ಹಟ ಹಿಡಿದು ಬಾನೆಟ್ಟಿನೊಳಗೇ ತಲೆ ಹಾಕಿದರು. "ರೋಗ ಬೇರೆ ಇದೆ, ಮುಚ್ಚಳದ್ದು ಆಗ್ಲೇ ಮುಗೀತು" ಎಂದು ರಘುವಿನ ಮಾತು ಕೇಳಲಿಲ್ಲ. ಎರಡು ಮೂರು ಗಂಟೆ ಕಳೆದ ಮೇಲೆ ಅವನು ತಾನೇ ಹೋಗಿ ಮುಚ್ಚಳ ತೆಗೆದ. ತಿರುಗಿಸಿ ನೋಡಿದ. ಹೊಸ ಮೇಣ, ಅದರ ಮೇಲೆ ಚಿಕ್ಕ ಹೆಬ್ಬೆಟ್ಟಿನ ಗುರುತು. ಒಮ್ಮೆ ನನ್ನ ಕೈಯನ್ನು ನೋಡಿದ. "ಹಳೇದು ಸ್ವಲ್ಪ ಉಳ್ಕೊಂಡಿತ್ತು ಮಾವ" ಎಂದು ಉಗುರಿನಿಂದ ಕೆರೆದು ತೂತು ಬಿಡಿಸಿದ. ನಾವು ಕೂಡಿಗೆ ಮುಟ್ಟಿದಾಗ ಮೂರಕ್ಕೆ ಐದು ನಿಮಿಷ. ಅತ್ತೆ ಆಗಲೇ ಏಪ್ರನ್ ಕಟ್ಟಿ ಗೇಟಿನಲ್ಲಿ ನಿಂತಿದ್ದಳು. ಅವನ ತಲೆ ಸವರಿ, ಕೈಗೆ ಒಬ್ಬಟ್ಟಿನ ಪೊಟ್ಟಣ ಕೊಟ್ಟು, ಒಳಗೆ ಹೋದಳು. ವಾಪಸು ಬರುವಾಗ ರಘು ಹಿಂದಿನ ಬಾಗಿಲು ತೆಗೆದ. "ಮುಂದೆ ಕೂತ್ರೆ ನಂಗೆ ತಲೆ ಸುತ್ತುತ್ತೆ, ನೀನೇ ಕೂರು" ಎಂದ. ನಾನು ಮುಂದೆ ಕೂತೆ. ಅವನ ಒಬ್ಬಟ್ಟಿನಲ್ಲಿ ಅರ್ಧ ಭುಜದ ಮೇಲಿಂದ ನನ್ನ ಕಡೆ ಬಂತು. ಅದನ್ನೂ ತಿಂದೆ. ಕಾರು ಮಾರುವವರೆಗೂ ಆ ಸೀಟು ನನ್ನದೇ ಆಯಿತು. ಒಂದು ದಿನವೂ ಸುಖವಾಗಿ ಕೂರಲಿಲ್ಲ. ಕಿವಿಯ ಮೇಲಿನ ಹೊಟ್ಟೆಕಿಚ್ಚಾದರೆ ಹೇಗೋ ಸಹಿಸಬಹುದಿತ್ತು. ಒಳ್ಳೆಯತನದ ಮೇಲಿನದು ಹಾಗಲ್ಲ.

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಅಮ್ಮ ಕುಶಾಲನಗರದಲ್ಲಿ ನನ್ನ ಜೊತೆಗಿದ್ದಾರೆ. ಮುಚ್ಚಳವನ್ನು ಅವರ ಕೈಗಿಟ್ಟೆ. ಅಂಚಿನಲ್ಲಿ ಮೇಣದ ಒಂದು ಗೀಟು ಇನ್ನೂ ಅಂಟಿತ್ತು. ಮೂಸಿ ನೋಡಿ, "ಈ ಮೇಣ ನಂದಲ್ಲ, ನಿಂದು" ಎಂದರು.

"ನಿಮ್ಗೆ ಗೊತ್ತಿತ್ತಾ?"

"ನಾನು ಮೆತ್ತಿದ್ದು ಒಂದೇ ಸಲ ಕಣೋ. ಅಪ್ಪಂಗೂ ಗೊತ್ತಾಯ್ತು ಆಮೇಲೆ. ಬೆನ್ನು ಮುರೀತೀನಿ ಅಂತ ಎದ್ದಿದ್ರು. ರಘುನೇ ಕಾಲು ಹಿಡ್ಕೊಂಡ. 'ಬೇಡ ಮಾವ, ಅವ್ನು ನಗ್ಸೋದು ನಿಲ್ಲಿಸ್ಬಿಡ್ತಾನೆ' ಅಂದ."

ನಾನು ಮದುವೆ ಮನೆಗಳಲ್ಲಿ ಆ ಕಾರನ್ನು ಇವತ್ತಿಗೂ ಬಾಯಲ್ಲಿ ಓಡಿಸುತ್ತೇನೆ. ಸೇತುವೆ, ಏರು, ಗುಕ್ ಗುಕ್, ಟಪ್. ಜನ ನಗುತ್ತಾರೆ. ರಘು ಬಂದಾಗಲೆಲ್ಲ ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ, ಟಪ್ ಸುಳ್ಳೆಂದು ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಿದ್ದೂ. ಮುಚ್ಚಳ ತೆಗೆದಾಗ ಬರುತ್ತಿದ್ದ ಆ ಉದ್ದದ ಉಸಿರನ್ನು ಮಾತ್ರ ಎಷ್ಟು ಸಲ ಪ್ರಯತ್ನಿಸಿದರೂ ನನ್ನ ಗಂಟಲಿಗೆ ತರಲಾಗಿಲ್ಲ.

ಭಾನುವಾರ ಅಮ್ಮನನ್ನು ಕರೆದುಕೊಂಡು ಕೂಡಿಗೆಗೆ, ಅತ್ತೆಯನ್ನು ನೋಡಲು ಹೊರಟೆ. ಈಗಿನ ನನ್ನ ಕಾರು ಎಲ್ಲೂ ನಿಲ್ಲುವುದಿಲ್ಲ. ಅಮ್ಮ ಎಂದಿನಂತೆ ಹಿಂದೆ ಕೂತರು. ಮುಂದಿನ ಬಾಗಿಲು ತೆಗೆದು, ಹಳದಿ ಬಟ್ಟೆಯ ಗಂಟನ್ನು ಸೀಟಿನ ಮೇಲಿಟ್ಟೆ. ತಿರುವುಗಳಲ್ಲಿ ಬೀಳದಿರಲೆಂದು ಬೆಲ್ಟನ್ನೂ ಹಾಕಿದೆ.