ಸಿಕ್ಕಾದ ದೊಡ್ಡವ್ವನ ಸೆರಗು

ಆಕೆಯ ಬಿಳಿ ಸೀರೆಯ ಸೆರಗಿನ ಒಂದು ತುದಿ ಮಾತ್ರ ಎಂದೂ ಬೆಳ್ಳಗಿರುತ್ತಿರಲಿಲ್ಲ. ಬೆಟಗೇರಿಯ ಮಗ್ಗಗಳಿಂದ ಇಳಿದ ಸೀರೆಗಳು ಬಿಟ್ಟ ಬಣ್ಣವೆಲ್ಲ ಅಲ್ಲಿ ಅಂಟಿಕೊಂಡಿತ್ತು. ನೇಕಾರರ ಸಂಘದಲ್ಲಿ ಸೀರೆ ಪರೀಕ್ಷಿಸುವ ಕೆಲಸ ಆಕೆಯದು. ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ, ಬೆರಳಿಗೆ ಸುತ್ತಿ, ಸೀರೆಯ ಅಂಚನ್ನು ಒತ್ತಿ ತಿಕ್ಕುವಳು. ಬಣ್ಣ ಬಿಡದಿದ್ದರೆ ಸಂಘದ ಮುದ್ರೆ, ನಮ್ಮ ಮಾತಿನಲ್ಲಿ ಸಿಕ್ಕಾ, ಹೊಡೆಯುವಳು, ಬಿಟ್ಟರೆ ಮಡಚಿ ವಾಪಸು ಕೊಡುವಳು. ಅದಕ್ಕೇ ಎಲ್ಲರಿಗೂ ಆಕೆ ಸಿಕ್ಕಾದ ದೊಡ್ಡವ್ವ. ನಾನು ಅಸುಂಡಿಯ ಒಕ್ಕಲುತನದ ಮನೆಯವಳು, ಶಾಲಾ ಮಾಸ್ತರರನ್ನು ಮದುವೆಯಾಗಿ ಬಂದವಳು. ಸಂಘದಲ್ಲಿ ಸೀರೆ ಅಳೆದು ಮಡಚುತ್ತಿದ್ದೆ.

ದೊಡ್ಡವ್ವನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಬಾವಿಯ ನೀರನ್ನೂ ಮೂಸಿಯೇ ಕುಡಿಯುವಳು. ಆಗ ಊರ ತುಂಬ ಏಕೀಕರಣದ್ದೇ ಮಾತು. ನಮ್ಮನ್ನು ಮುಂಬಯಿಯಿಂದ ಬಿಡಿಸಿ ಕನ್ನಡದವರ ಜೊತೆ ಸೇರಿಸುತ್ತಾರಂತೆ ಎಂದು ನಾನು ಹಿಗ್ಗಿದರೆ, "ಸೇರಸ್ಲಿ, ಛಲೋ ಆತು. ಆದ್ರ ಬಣ್ಣಾ ಬಿಡೂ ಸೀರಿ ಅಲ್ಲೂ ಬಣ್ಣಾ ಬಿಡತೈತಿ, ತಂಗಿ," ಎಂದಿದ್ದಳು.

ಆ ವರ್ಷವೇ ನಮ್ಮ ಸಿಕ್ಕಾಕ್ಕೆ ಸರಕಾರದ ಮಾನ್ಯತೆ ಬೇಕೆಂದು ಸಂಘದ ಚೇರಮನ್ನರು ಹಟ ಹಿಡಿದರು. ಮಾನ್ಯತೆ ಸಿಕ್ಕರೆ ಪರವೂರಿನ ವ್ಯಾಪಾರಿಗಳು ಸೀರೆಯನ್ನು ಮತ್ತೆ ಬಿಚ್ಚಿ ಕೊಂಕು ತೆಗೆಯುವಂತಿಲ್ಲ. ಸಿಗದಿದ್ದರೆ ನೇಕಾರರು ದಲಾಲರ ಬಾಗಿಲಲ್ಲೇ ಕೈಕಟ್ಟಿ ನಿಲ್ಲಬೇಕು. ಧಾರವಾಡದಿಂದ ಬರುವ ಸಾಹೇಬರು ಸೀರೆಯನ್ನಲ್ಲ, ಸೀರೆ ನೋಡುವವರನ್ನು ನೋಡುತ್ತಾರೆಂದು ಖಬರು ಬಂತು. ಪರೀಕ್ಷೆಯ ಕೋಣೆಗೆ ಸುಣ್ಣ ಬಳಿಸಿ, ಬೆಳಕಿಗೆಂದು ಕಿಟಕಿ ದೊಡ್ಡದು ಮಾಡಿಸಿದರು.

ಸುಣ್ಣ ಬಳಿದರೆ ಗುಸುಗುಸು ನಿಲ್ಲುತ್ತದೆಯೇ? ದೊಡ್ಡವ್ವನ ಮಗನೂ ನೇಕಾರ. ಅವನ ಸೀರೆ ವಾಪಸು ಹೋದದ್ದನ್ನು ಯಾರೂ ಕಂಡಿರಲಿಲ್ಲ. "ಮಗಾ ನೇಯ್ತಾನ, ಅವ್ವ ಸಿಕ್ಕಾ ಹೊಡಿತಾಳ," ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ನನಗೂ ಸಂಶಯವಿತ್ತು. ಅವನ ಸೀರೆ ಬಂದ ದಿನ ಆಕೆಯ ಕೈಯನ್ನೇ ನೋಡುತ್ತಿದ್ದೆ.

ನಮ್ಮಲ್ಲಿ ಪ್ರತಿ ಮನೆಯವರೂ ಸೀರೆಯ ಕೊನೆಯ ಎಳೆಗಳಿಗೆ ತಮ್ಮದೇ ರೀತಿಯ ಗಂಟು ಹಾಕುತ್ತಿದ್ದರು. ಗಂಟು ನೋಡಿದರೆ ಯಾರ ಮನೆಯದೆಂದು ತಿಳಿಯುತ್ತಿತ್ತು. ಯಾರ ಸೀರೆಯೆಂದು ಪರೀಕ್ಷಿಸುವವರಿಗೆ ತಿಳಿಯಬಾರದು, ಇನ್ನು ಮೇಲೆ ಗಂಟು ಬೇಡ ಎಂದರು ಚೇರಮನ್ನರು. ಗಂಟಿಲ್ಲದ ಸೀರೆಗಳು ಬಂದವು. ದೊಡ್ಡವ್ವ ಒಂದನ್ನು ಎತ್ತಿಕೊಂಡು, ನೂಲಿಗೆ ಹಾಕಿದ ಗಂಜಿಯ ವಾಸನೆ ನೋಡಿ, ನನ್ನತ್ತ ಚಾಚಿದಳು.

"ತಂಗಿ, ಇದನ್ನ ನೀ ತಿಕ್ಕು."

"ಯಾಕ ದೊಡ್ಡವ್ವಾ?"

"ಇದು ನನ್ನ ಮಗಂದು."

"ಗಂಟ ಇಲ್ಲಲ್ಲ, ಹೆಂಗ ಗೊತ್ತಾತು?"

"ಅವಗ ಗಂಜಿ ಕಾಸಾಕ ಕಲಿಸಿದಾಕಿ ನಾನ ಅಲ್ಲೇನ?"

ತನ್ನ ಸೆರಗಿನಲ್ಲಿ ಬಿಳಿ ಜಾಗ ಹುಡುಕಿ ಆಕೆಯೇ ಕೊಟ್ಟಳು. ಒದ್ದೆ ಮಾಡಿ ತಿಕ್ಕಿದೆ. ಕೆಂಪು ಇಳಿಯಿತು. ಪಕ್ಕದಲ್ಲೇ ಇದ್ದ ಚೇರಮನ್ನರಿಗೆ ಪೇಚಾಯಿತು. "ಸ್ವಲ್ಪ ಬಿಟ್ಟೈತಿ, ನಡೀತೈತಿ ಬಿಡ್ರಿ ಅವ್ವಾರ," ಎಂದರು.

ದೊಡ್ಡವ್ವ ತೋರುಬೆರಳೆತ್ತಿ ತೋರಿಸಿದಳು. "ನಡಿಯೂದಿಲ್ರಿ. ಈ ಬೆರಳ ನಂಬಬ್ಯಾಡ್ರಿ. ಮಗನ ಸೀರಿ ಬಂದ್ರ ಹಗರ ಆಕ್ಕೈತಿ. ಬೇಕಂತ ಮಾಡಿಲ್ಲ, ಆದ್ರೂ ಆಕ್ಕೈತಿ. ಸಾಹೇಬ್ರು ಬರೂದ್ರಾಗ ನನ್ನ ತಗೀರಿ. ಈಕಿ ಮನ್ಯಾಗ ಮಗ್ಗ ಇಲ್ಲ, ಈಕಿ ಕೈಯಾಗ ಸಿಕ್ಕಾ ಕೊಡ್ರಿ."

ಕೊಟ್ಟರು. ಮಗ ಬಹಳ ದಿನ ತಾಯಿಯೊಡನೆ ಮಾತು ಬಿಟ್ಟ. ಇದೂ ಮುದುಕಿಯ ಏನೋ ಆಟವಿರಬೇಕು ಎಂದು ಕಟ್ಟೆಯವರು ಅಂದರು, ಒಂದೆರಡು ದಿನ ನಾನೂ ಹಾಗೆಯೇ ಅಂದುಕೊಂಡೆ. ಸಾಹೇಬರು ಬಂದವರು ಹಳೆಯ ಪರೀಕ್ಷಕಿ ಯಾಕೆ ಬಿಟ್ಟಳೆಂದು ಕೇಳಿದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮಾನ್ಯತೆ ಸಿಕ್ಕಿತು. ಆ ಸಿಕ್ಕಾದಿಂದಲೇ ನನ್ನ ಸಂಸಾರ ನಡೆಯಿತು. ಎದುರಾದಾಗಲೆಲ್ಲ ದೊಡ್ಡವ್ವ ಒಂದೇ ಮಾತು ಹೇಳುವಳು: "ಮನಸಿಗೆ ಬೇಕಾದಾರ ಸೀರಿ ಬಂದ್ರ ಇನ್ನಷ್ಟು ಜೋರ ತಿಕ್ಕು, ಲೇ."

ಎಷ್ಟೋ ವರ್ಷದ ಮೇಲೆ ಆಕೆ ತೀರಿಕೊಂಡಳು. ಹೊದಿಸಲು ಮಗ ತಾನೇ ನೇಯ್ದ ಹೊಸ ಸೀರೆ ತಂದ. ತಾಯಿಯ ಮೇಲೆ ಹಾಕುವ ಮೊದಲು, ಎಲ್ಲರೂ ನೋಡುತ್ತಿರುವಂತೆ, ಅದನ್ನು ನನ್ನ ಕೈಗೆ ಕೊಟ್ಟ. ಆಕೆ ಉಟ್ಟಿದ್ದ ಸೀರೆಯ ಸೆರಗು ಈಗ ತುದಿಯವರೆಗೂ ಬೆಳ್ಳಗಿತ್ತು. ಅದನ್ನೇ ತಂಬಿಗೆಯ ನೀರಲ್ಲಿ ಅದ್ದಿ, ಬೆರಳಿಗೆ ಸುತ್ತಿ, ಅಂಚನ್ನು ತಿಕ್ಕಿದೆ. ಬಣ್ಣ ಬಿಡಲಿಲ್ಲ.

ನನ್ನ ಬೆರಳು ಹಗುರವಾಗಿತ್ತೇ? ಇವತ್ತಿಗೂ ನನಗೆ ಸಂಶಯ.