ಒಂದು ಲೋಡ್ ಶೂ ಚೂರು

ಕೋವಿಡ್ ಕಳೆದ ಎರಡನೇ ವರ್ಷ. ನಾನಾಗ ಪರಿಸರ ಅಧಿಕಾರಿ. ಕಚೇರಿ ಘಟ್ಟದ ಕೆಳಗಿತ್ತು; ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು ನನ್ನ ಪಾಲಿಗೆ ಬಂದಿದ್ದವು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅಕ್ಕಿ ಗಿರಣಿ, ಕಲ್ಲಿನ ಕ್ರಷರ್, ಆಸ್ಪತ್ರೆಗಳ ತ್ಯಾಜ್ಯ, ಇಷ್ಟನ್ನು ನೋಡಿಕೊಂಡರೆ ಸಾಕು ಅಂದುಕೊಂಡಿದ್ದೆ. ಶೂ ಕಾರ್ಖಾನೆಯ ಹೆಸರಿನಲ್ಲಿ ಇಲ್ಲಿಂದ ಒಂದು ಫೈಲ್ ಏಳುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಅಡಿಕೆ ಸುಗ್ಗಿಯ ಹೊತ್ತಿಗೆ ಸಿದ್ದಾಪುರ ತಾಲ್ಲೂಕಿನ ಕಾನಸೂರಿನಿಂದ ಒಂದು ದೂರು ಬಂತು. ಬರೆದವರು ಸಾವಿತ್ರಿ, ಅಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವರು. ಹೋದಾಗ ಅವರು ಶಾಲೆಯ ಬಿಳಿ ಅಂಗಿಯೊಂದನ್ನು ಮುಂದೆ ಹಿಡಿದರು. ಅದರ ಮೇಲೆಲ್ಲ ಕೂದಲಿನಂಥ ಕಪ್ಪು ಮಸಿಯ ಎಳೆಗಳು.

"ಟಯರ್ ಸುಟ್ಟ ವಾಸನೆ ಅಲ್ಲ ಮೇಡಂ. ಎಂತದೋ ಸಿಹಿ ಸಿಹಿ. ಗಂಟಲು ಹಿಡಿದುಹೋಗ್ತದೆ" ಎಂದರು.

ಹೊಗೆ ಬರುತ್ತಿದ್ದದ್ದು ಕೂಲಿಗೆ ಅಡಿಕೆ ಬೇಯಿಸಿಕೊಡುವ ಒಂದು ಶೆಡ್ಡಿನಿಂದ. ಒಲೆಯ ಪಕ್ಕ ಕಟ್ಟಿಗೆ ಇರಲಿಲ್ಲ. ಬಣ್ಣಬಣ್ಣದ ಮೆತ್ತನೆಯ ಹಾಳೆಗಳ ರಾಶಿ ಇತ್ತು. ಓಡುವ ಶೂಗಳ ಒಳಗೆ ಅಂಗಾಲಿಗೆ ತಾಗುವ ಮೆತ್ತೆಯನ್ನು ಇ.ವಿ.ಎ. ಎಂಬ ಪ್ಲಾಸ್ಟಿಕ್ ಫೋಮಿನ ಹಾಳೆಯಿಂದ ಅಚ್ಚು ಒತ್ತಿ ಕತ್ತರಿಸುತ್ತಾರೆ. ಮೆತ್ತೆ ಶೂ ಸೇರುತ್ತದೆ, ತೂತುಬಿದ್ದ ಹಾಳೆ ಉಳಿಯುತ್ತದೆ. ಮಣ್ಣಿನಲ್ಲಿ ಅದು ಕೊಳೆಯುವುದಿಲ್ಲ, ಸುಟ್ಟರೆ ವಿಷದ ಹೊಗೆ. ದೂರದ ಯಾವುದೋ ಕಾರ್ಖಾನೆಯ ಹಾಳೆಗಳು ಮೂರು ನಾಲ್ಕು ಕೈ ದಾಟಿ ಅಗ್ಗದ ಉರುವಲಾಗಿ ಇಲ್ಲಿಗೆ ಬಂದಿದ್ದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಸಾಲುಸಾಲು ಪಾದಗಳು, ಎಲ್ಲವೂ ಖಾಲಿ. ಕೆಲವು ನನ್ನ ಅಂಗೈಗಿಂತ ಚಿಕ್ಕವು. ಕಟ್ಟುಗಳ ಮೇಲಿನ ಚೀಟಿಯಲ್ಲಿ ಹಸಿರು ಎಲೆಯ ಚಿತ್ರ, ಭೂಮಿಗೆ ಭಾರವಾಗದ ಶೂ ಎಂಬರ್ಥದ ಇಂಗ್ಲಿಷ್ ಸಾಲು.

ಶೆಡ್ ಮುಚ್ಚಲು ಅಲ್ಲೇ ಆದೇಶ ಬರೆದೆ. ಉಳಿದ ಹಾಳೆಗಳನ್ನು ಏಳು ದಿನಗಳೊಳಗೆ ತೆರವು ಮಾಡಬೇಕು ಎಂದೂ ಸೇರಿಸಿದೆ. ಮಾಲೀಕ ಯಲ್ಲಾಪುರದ ಲಾರಿಯೊಂದನ್ನು ಕರೆಸಿದ. ಲಾರಿಯ ಒಡೆಯರೂ ಓಡಿಸುವವರೂ ಒಬ್ಬರೇ: ಇಮಾಮ್‌ಸಾಬ್, ಐವತ್ತರ ಆಸುಪಾಸಿನವರು. ಆದೇಶದ ಪ್ರತಿಯನ್ನು ನಿಧಾನವಾಗಿ ಓದಿ ಕೇಳಿದರು:

"ತೆರವು ಮಾಡೂದು ಸರಿ ಮೇಡಂ. ಎಲ್ಲಿಗೆ ಒಯ್ಯಲಿ? ಅದನ್ನೂ ಇದ್ರಾಗ ಬರದು ಕೊಡ್ರಿ."

"ಅದು ಮಾಲೀಕರ ಜವಾಬ್ದಾರಿ" ಎಂದು ಜೀಪು ಹತ್ತಿದೆ. ಇಂಥ ತ್ಯಾಜ್ಯವನ್ನು ತೆಗೆದುಕೊಳ್ಳುವ ಜಾಗ ಮೂರು ತಾಲ್ಲೂಕುಗಳಲ್ಲಿ ಒಂದೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ವಾರದ ನಂತರ ಖಾಲಿ ಶೆಡ್ಡಿನ ಫೋಟೋ ಬಂತು. ಫೈಲ್ ಮುಗಿಸಿದೆ. ಸಾವಿತ್ರಿ ಫೋನ್ ಮಾಡಿ, "ಈಗ ಬಾಗಿಲು ತೆಕ್ಕೊಂಡು ಕೂತ್ಕೊಳ್ಳಲಿಕ್ಕೆ ಆಗ್ತದೆ" ಎಂದಾಗ ಹೆಮ್ಮೆಯೂ ಆಯಿತು.

ಆ ಮಳೆಗಾಲ ಮುಗಿಯುತ್ತಿದ್ದಾಗ ಶಿರಸಿಯ ಪ್ರವಾಸಿ ಮಂದಿರದಲ್ಲಿ ಇಮಾಮ್‌ಸಾಬ್ ನನಗಾಗಿ ಕಾಯುತ್ತಿದ್ದರು. ಕೂರಿ ಎಂದರೂ ಕೂರಲಿಲ್ಲ.

"ಆ ಲೋಡ್ ನಾನೇ ಕಾಡಾಗಿನ ಹಳೇ ಕಲ್ಲು ಕ್ವಾರಿಗೆ ಚೆಲ್ಲೀನ್ರಿ. ನಾಕು ಕಡೆ ತಿರುಗಿದೆ, ಯಾರೂ ಇಳಿಸಗೊಡಲಿಲ್ಲ. ಮೊನ್ನೆ ಅದರ ಕೆಳಗಿನ ಕೇರಿಗೆ ರೇಷನ್ ಹಾಕಾಕ ಹೋಗಿದ್ದೆ. ಅಲ್ಲಿ ಒಂದು ಜೀವ ಹೋಗೇತಿ. ಕೇಸ್ ಹಾಕ್ರಿ, ಬ್ಯಾಡ ಅನ್ನೂದಿಲ್ಲ. ಮೊದಲು ಬಂದು ನೋಡ್ರಿ."

ಯಲ್ಲಾಪುರ ದಾರಿಯ ಒಳಗೆ, ಕ್ವಾರಿಯ ಇಳಿಜಾರಿನಲ್ಲಿ ಒಂಬತ್ತು ಮನೆಗಳ ಸಿದ್ದಿ ಜನಾಂಗದ ಕೇರಿ. ಕುಡಿಯುವ ನೀರಿಗೆ ಒಂದೇ ಒರತೆ. ಮಳೆಯ ರಭಸಕ್ಕೆ ಹಾಳೆಗಳು ಕೊಚ್ಚಿಕೊಂಡು ಬಂದು ಅದರ ಬಾಯಿಗೆ ಅಡ್ಡ ಕೂತಿದ್ದವು. ಖಾಲಿ ಪಾದಗಳ ಒಳಗಿಂದ ನೀರು ಉಕ್ಕುತ್ತಿತ್ತು, ಮೇಲೆ ಎಣ್ಣೆಯಂಥ ಪೊರೆ. ನೀರು ನಾರತೊಡಗಿದ ಮೇಲೆ ಕೇರಿಯವರು ಕೆಳಗಿನ ಹಳ್ಳಕ್ಕೆ ಹೋಗಿ ತರುತ್ತಿದ್ದರು. ಆ ಜಾರು ದಾರಿಯಲ್ಲಿ ಒಬ್ಬ ಮುದುಕಿ ಕೊಡದ ಸಮೇತ ಬಿದ್ದು ಸೊಂಟ ಮುರಿದುಕೊಂಡು, ಇಪ್ಪತ್ತು ದಿನ ನರಳಿ ತೀರಿಕೊಂಡಿದ್ದಳು. ಅವಳ ಸೊಸೆ ಸುಶೀಲಾ ನನಗೆ ಆ ಜಾಗ ತೋರಿಸಿದಳು. ಬೈಯಲಿಲ್ಲ. "ಇದು ಎಂತದ್ರಿ, ಕಾಲಿನ ಗುರುತಿದ್ದಂಗೆ ಐತಲ್ಲ?" ಎಂದಷ್ಟೇ ಕೇಳಿದಳು. ಶೂ ಮಾಡುವಾಗ ಉಳಿಯುವ ಚೂರು ಎಂದೆ. ಅವಳು ಹಾಳೆಯನ್ನು ಹೊರಳಿಸಿ ನೋಡಿ ಕೆಳಗಿಟ್ಟಳು. ಅವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಐದು ದಿನ ಕೇರಿಯವರೂ ಇಮಾಮ್‌ಸಾಬರೂ ಹಗ್ಗ ಹಿಡಿದು ಕ್ವಾರಿಗೆ ಇಳಿದು ಹಾಳೆ ಮೇಲೆತ್ತಿದರು. ನಾನು ಅಂಚಿನಲ್ಲಿ ನಿಂತು ಚೀಲಗಳಿಗೆ ಗುರುತು ಹಾಕಿದೆ. ಸಿಕ್ಕಷ್ಟನ್ನು ಅತಿ ಹೆಚ್ಚು ಶಾಖದಲ್ಲಿ ಸುಡುವ ದೂರದ ಸಿಮೆಂಟ್ ಕಾರ್ಖಾನೆಗೆ ಕಳಿಸಿದೆವು. ನುಣ್ಣಗೆ ಪುಡಿಯಾಗಿ ಮಣ್ಣಿಗೆ ಸೇರಿದ್ದನ್ನು ಯಾರಿಂದಲೂ ಎತ್ತಲಾಗಲಿಲ್ಲ. ಚೀಟಿಯ ಮೇಲಿದ್ದ ಕಂಪನಿಗೆ ಪತ್ರ ಬರೆದೆ. ಕತ್ತರಿಸುವ ಕೆಲಸ ಬೇರೆಯವರದು, ಉಳಿಕೆಗೆ ನಾವು ಹೊಣೆಯಲ್ಲ ಎಂದು ವಿನಯದ ಉತ್ತರ ಬಂತು. ಜೀಪು ಹತ್ತುವಾಗ ನಾನು ಆಡಿದ ಮಾತೂ ಅದೇ ಆಗಿತ್ತು.

ಅಂತಿಮ ವರದಿ ಬರೆಯುವ ದಿನ ಬಂತು. ತ್ಯಾಜ್ಯ ಎಲ್ಲಿಗೆ ಹೋಗಬೇಕೆಂದು ಅಧಿಕಾರಿ ಸೂಚಿಸಿರಲಿಲ್ಲ ಎಂಬ ಒಂದು ವಾಕ್ಯ ಬರೆದೆ, ಓದಿದೆ, ಅಳಿಸಿದೆ. ಯಾರೂ ಒತ್ತಾಯ ಮಾಡಿರಲಿಲ್ಲ. ವರದಿಯಲ್ಲಿ ಉಳಿದ ಹೆಸರು ಎರಡೇ: ಶೆಡ್ಡಿನ ಮಾಲೀಕ, ಕಾಡಿನಲ್ಲಿ ಅಕ್ರಮವಾಗಿ ತ್ಯಾಜ್ಯ ಚೆಲ್ಲಿದ ಲಾರಿ ಚಾಲಕ. ತಾನಾಗಿ ಬಂದು ಹೇಳಿದ ಎಂಬುದನ್ನೂ ನಾನು ಬರೆಯಲಿಲ್ಲ. ಬರೆದರೆ ಯಾಕೆ ಚೆಲ್ಲಿದ ಎಂದು ಕೇಳುತ್ತಿದ್ದರು. ಲಾರಿ ಜಪ್ತಿಯಾಯಿತು. ಠಾಣೆಯ ಅಂಗಳದಲ್ಲಿ ಅದು ಒಂದು ಮಳೆಗಾಲ ಪೂರ್ತಿ ನಿಂತಿತ್ತು. ಆ ದಾರಿಯಲ್ಲಿ ಹೋಗುವಾಗ ನಾನು ಮೊಬೈಲ್ ನೋಡುತ್ತಿದ್ದೆ.

ನಿವೃತ್ತಳಾದ ಮೇಲೆ ಅಂಗಡಿಗಳಲ್ಲಿ ಶೂ ಸಾಲು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿ ನಡೆಯತೊಡಗಿದೆ. ಕಳೆದ ವರ್ಷ ಯಲ್ಲಾಪುರಕ್ಕೆ ಹೋಗಿ ಇಮಾಮ್‌ಸಾಬರನ್ನು ಹುಡುಕಿದೆ. ಅವರೀಗ ಬೇರೆಯವರ ಟೆಂಪೋ ಓಡಿಸುತ್ತಾರೆ. ಅಳಿಸಿದ ವಾಕ್ಯದ ವಿಷಯ ಹೇಳಿದೆ.

"ನನಗ ಗೊತ್ತಿತ್ರಿ. ನಿಮ್ಮ ವರದಿ ಕೋರ್ಟಿನ್ಯಾಗ ಓದಿ ಹೇಳಿದ್ರು. ನಿಮ್ಮ ಹೆಸರು ಬರ್ತೈತೇನಂತ ಕಡೀತನಕ ಕೇಳಿದೆ." ಆಮೇಲೆ ಕೇಳಿದರು: "ಆ ನೀರು ಈಗ ಹೆಂಗೈತ್ರಿ?"

ಕ್ವಾರಿಯ ಕೆಲಸ ಮುಗಿದ ಮೇಲೆ ನಾನು ಅಲ್ಲಿಗೆ ಹೋಗಿರಲೇ ಇಲ್ಲ. ಒರತೆಯ ನೀರನ್ನು ತರಿಸಿ ಪರೀಕ್ಷೆಗೆ ಕಳಿಸಿ, ವರದಿ ಕೈಗೆ ಬಂದ ಮೇಲೆ ಇಬ್ಬರೂ ಕೇರಿಗೆ ಹೋದೆವು. ಕುಡಿಯಲು ಯೋಗ್ಯ ಎಂದು ಅದರಲ್ಲಿ ಬರೆದಿತ್ತು. ಒರತೆ ತಿಳಿಯಾಗಿತ್ತು, ತಳದ ಕಲ್ಲು ಕಾಣುತ್ತಿತ್ತು. ಸುಶೀಲಾ ಚೊಂಬು ತಂದು ಮುಂದಿಟ್ಟು ಹೇಳಿದಳು:

"ಕುಡೀರಿ. ಇದು ಪಂಚಾಯ್ತಿ ನಳದ್ದು. ಅಲ್ಲೀದು ನಾವು ಮುಟ್ಟೂದಿಲ್ಲ."

ವರದಿ ತೋರಿಸಿದೆ. "ಇರಬಹುದ್ರಿ" ಎಂದಳು.

ಒಂದು ವಸ್ತುವನ್ನು ಇಲ್ಲಿಂದ ತೆಗೆಯಿರಿ ಎಂದು ಸಹಿ ಹಾಕುವವರು ಅದು ಇಳಿಯುವ ಜಾಗಕ್ಕೆ ಮೊದಲು ತಾವು ಹೋಗಿ ನಿಲ್ಲಬೇಕು. ಮೂವತ್ತು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ತಡವಾಗಿ. ವರದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಇಮಾಮ್‌ಸಾಬ್ ಚೊಂಬಿನ ನೀರು ಕುಡಿದರು. ನಾನು ಚೊಂಬನ್ನು ಹಾಗೇ ಕೆಳಗಿಟ್ಟೆ.